ಗುಳೆ ಹೋಗಿ ಮನೆಗೆ ಮರಳುವ ಆಟ

ಭರತ ಹುಣ್ಣಿಮೆಯಿಂದ ಭರತ ಹುಣ್ಣಿಮೆಗೆ ಒಂದು ವರ್ಷ. ಈ ಅವಧಿಯಲ್ಲಿ ಕಬ್ಬಿನ ದ್ವೀಪಗಳಿಂದ ಜಪಾನಿಗೆ, ಅಮೆರಿಕದಿಂದ ದುಬೈಗೆ ಊರೂರು ತಿರುಗುವ ಬೇಸ್‌ಬಾಲಿಗೂ ಉಚ್ಚಂಗಿದುರ್ಗದ ಬೆಟ್ಟದಡಿಯ ಬದುಕಿಗೂ ಎಲ್ಲಿಯ ನಂಟು? ನಂಟು ಒಂದೇ: ಎಷ್ಟು ದೂರ ಓಡಿದರೂ ಹೊರಟಲ್ಲಿಗೆ ಬಂದರೆ ಮಾತ್ರ ಲೆಕ್ಕ!

2025ರ ಫೆಬ್ರವರಿ 12, ಬುಧವಾರ. ಮಾಘ ಶುದ್ಧ ಪೂರ್ಣಿಮೆ, ಅಂದರೆ ಭರತ ಹುಣ್ಣಿಮೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಬೆಟ್ಟದ ಮೆಟ್ಟಿಲುಗಳ ಮೇಲೆ ಬಿಸಿಲು ಇನ್ನೂ ಎಳೆಯದಾಗಿರುವಾಗಲೇ, ಹಣೆಗೆ ಭಂಡಾರ ಬಳಿದು, ತಲೆಯ ಮೇಲೆ ಬುತ್ತಿಯ ಗಂಟು ಹೊತ್ತು, ‘ಉಧೋ ಉಧೋ’ ಎಂದು ಕೂಗುತ್ತ ಏರುವ ಜನರ ಸಾಲು, ಅರಿಸಿನದ ಹೊಳೆಯೊಂದು ತನ್ನ ಸ್ವಭಾವವನ್ನು ಮರೆತು ತಗ್ಗಿನಿಂದ ದಿಬ್ಬಕ್ಕೆ ಹರಿಯುತ್ತಿರುವಂತೆ ತೋರುತ್ತಿತ್ತು.

ಕೆಳಗಿನ ಬಯಲಿನಲ್ಲಿ ಕೊಳ್ಳು ಹರಿದ ಎತ್ತುಗಳು ಮೆಲುಕು ಹಾಕುತ್ತಿದ್ದುವು. ಮೂರು ಕಲ್ಲಿನ ಒಲೆಗಳ ಮೇಲೆ ಕಡುಬು ಹೋಳಿಗೆಗಳು ಬೇಯುತ್ತಿದ್ದುವು. ಮಲೆನಾಡಿನ ಕಾಫಿತೋಟಗಳಿಗೆ, ಮಂಡ್ಯದ ಕಬ್ಬಿನ ಗದ್ದೆಗಳಿಗೆ, ಬೆಂಗಳೂರಿನ ಕಟ್ಟಡಗಳ ನೆರಳಿಗೆ ಗುಳೆ ಹೋಗಿದ್ದವರಲ್ಲಿ ಎಷ್ಟೋ ಮಂದಿ, ಕೂಲಿಯ ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿ, ಉಚ್ಚಂಗೆಮ್ಮನ ಹುಣ್ಣಿಮೆಗೆಂದು ಊರು ಸೇರಿದ್ದರು.

ಅಲ್ಲಿಯೇ ಒಂದು ಬಂಡಿಯ ಮೂಕಿಯ ಬಳಿ ನಾಲ್ಕಾರು ಹುಡುಗರು ತಲೆಗೆ ತಲೆ ತಾಗಿಸಿ ಮೊಬೈಲು ನೋಡುತ್ತಿದ್ದರು. ಪರದೆಯ ಮೇಲೆ ಒಬ್ಬಾತ ಒನಕೆಯಂತಹ ದುಂಡು ದೊಣ್ಣೆಯನ್ನು ಹೆಗಲ ಮೇಲೆತ್ತಿ ನಿಂತಿದ್ದನು. ಬಂಡಿಯ ನೊಗಕ್ಕೊರಗಿ ಕುಳಿತಿದ್ದ ಅಜ್ಜನೊಬ್ಬನು ಬಾಗಿ ನೋಡಿ ಕೇಳಿದನು:

“ಇದೇನಲೇ, ಚಿಣ್ಣಿ-ದಾಂಡು ಇದ್ದಂಗೈತಲ್ಲ?”

“ಅಮೆರಿಕದ ಆಟ ಅಜ್ಜಾ. ಚೆಂಡು ಹೊಡೆದು ಓಡಬೇಕು. ಮೂರು ಕಡೆ ಮುಟ್ಟಿ, ಹೊಂಟಲ್ಲಿಗೇ ತಿರುಗಿ ಬರಬೇಕು.”

“ಬರದಿದ್ರ?”

“ಎಷ್ಟು ಓಡಿದ್ರೂ ಲೆಕ್ಕಕ್ಕಿಲ್ಲ.”

ಅಜ್ಜನು ತಂಬಾಕಿನ ರಸವನ್ನು ಪಕ್ಕಕ್ಕೆ ಉಗುಳಿ ನಕ್ಕನು. “ಹಂಗಾದ್ರ ಅದು ನಮ್ಮಾಟನ ಬಿಡು. ಗುಳೆ ಹೋದೋರು ಹುಣ್ವಿಗೆ ಬಂದ್ರ ತಾನೆ ಲೆಕ್ಕ!”

ಆ ಮಾತು ನನ್ನನ್ನು ಬಿಡಲಿಲ್ಲ. ಆ ಹುಣ್ಣಿಮೆಯಿಂದ ಇಂದಿನ ಹುಣ್ಣಿಮೆಯವರೆಗೆ ಒಂದು ಇಡೀ ವರ್ಷ, ಜಗತ್ತಿನ ಈ ಆಟವು ಎಲ್ಲಿಂದ ಎಲ್ಲಿಗೆ ಹೋಯಿತೆಂಬುದನ್ನು ನಮ್ಮ ಪಂಚಾಂಗದ ಪಕ್ಕದಲ್ಲಿಟ್ಟುಕೊಂಡು ಗಮನಿಸುತ್ತ ಬಂದೆನು. ಅದರ ವೃತ್ತಾಂತವಿದು.

ಮೂರು ನೆಲೆ, ಒಂದು ಮನೆ

ಆಟದ ಅಂಗಳವು ಬೀಸಣಿಗೆಯನ್ನು ಬಿಡಿಸಿಟ್ಟಂತೆ ಇರುತ್ತದೆ. ಅದರ ಮೊನೆಯಲ್ಲಿ ನೆಲಕ್ಕೆ ಹುದುಗಿಸಿದ ಬಿಳಿಯ ಐದು ಮೂಲೆಯ ಹಲಗೆಗೆ ‘ಹೋಮ್’, ಅಂದರೆ ಮನೆಯೆಂದೇ ಹೆಸರು. ಅಲ್ಲಿಂದ ಬಲಕ್ಕೆ 90 ಅಡಿ ದೂರದಲ್ಲಿ ಮೊದಲನೆಯ ನೆಲೆ. ಅಷ್ಟಷ್ಟೇ ದೂರಗಳಲ್ಲಿ ಎರಡನೆಯದು, ಮೂರನೆಯದು. ನಾಲ್ಕೂ ಕೂಡಿದರೆ ಓರೆಯಾಗಿ ನಿಂತ ಒಂದು ಚೌಕ.

ಚೆಂಡೆಸೆಯುವ ಪಿಚರನು ಮಧ್ಯದ ಮಣ್ಣಿನ ದಿಬ್ಬದ ಮೇಲೆ, ಮನೆಯಿಂದ 60 ಅಡಿ 6 ಅಂಗುಲ ದೂರದಲ್ಲಿ ನಿಲ್ಲುತ್ತಾನೆ. ಕ್ರಿಕೆಟ್ಟಿನ ಚೆಂಡಿನಂತೆ ಇದು ನೆಲಕ್ಕೆ ಬಡಿದು ಪುಟಿದು ಬರುವಂತಹದಲ್ಲ. ಗಾಳಿಯಲ್ಲಿಯೇ ಬಂದು, ಗಾಳಿಯಲ್ಲಿಯೇ ಬಾಗಿ, ಹೊಡೆಯುವವನ ಕಣ್ಣಿಗೆ ಮಣ್ಣೆರಚಿ ಹೋಗುತ್ತದೆ. ಮೂರು ಬಾರಿ ತಪ್ಪಿದವನು ಔಟು. ತಾಗಿಸಿದವನು ದೊಣ್ಣೆಯನ್ನು ಬಿಸುಟು ಓಡಬೇಕು. ಕಡೆಯ ಒಂದು ಹೆಜ್ಜೆ ಉಳಿದಿರುವಾಗ ಸಿಕ್ಕಿಬಿದ್ದವನಿಗೂ ಮೊದಲ ಹೆಜ್ಜೆಯಲ್ಲಿ ಸಿಕ್ಕಿಬಿದ್ದವನಿಗೂ ಫಲ ಒಂದೇ, ಸೊನ್ನೆ.

ಹತ್ತು ಬಾರಿ ದೊಣ್ಣೆ ಹಿಡಿದು ಮೂರು ಬಾರಿ ಸಫಲನಾದವನು ಈ ಆಟದಲ್ಲಿ ದೊಡ್ಡವನೆಂದು ಗಣ್ಯನಾಗುತ್ತಾನೆ; ನಾಲ್ಕು ಬಾರಿ ಸಫಲನಾಗುವ ಮಟ್ಟವನ್ನು ಒಂದು ಋತುವಿನುದ್ದಕ್ಕೂ ಅಮೆರಿಕದ ನ್ಯಾಷನಲ್, ಅಮೆರಿಕನ್ ಲೀಗುಗಳಲ್ಲಿ ಕಾಯ್ದುಕೊಂಡವನು 1941ರ ಟೆಡ್ ವಿಲಿಯಮ್ಸನ ತರುವಾಯ ಹುಟ್ಟಲಿಲ್ಲ. ಆರಿದ್ರೆಯ ಕಡೆಗೆ ಮುಖವೆತ್ತಿ, ಮಳೆಯೊಂದನ್ನೇ ನಂಬಿ ಮೆಕ್ಕೆಜೋಳ ಶೇಂಗಾ ಬಿತ್ತುವ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು ಸೀಮೆಯ ರೈತನಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾದುದಿಲ್ಲ.

ನಮ್ಮ ಲಗೋರಿಗೂ ಇದಕ್ಕೂ ಒಂದು ಹಳೆಯ ದಾಯಾದಿತನವುಂಟು. ಓಡುವವನ ಮೈಗೆ ಚೆಂಡಿನಿಂದ ಹೊಡೆದು ಔಟು ಮಾಡುವ ಪದ್ಧತಿ ಅಮೆರಿಕದ ಹಳೆಯ ಊರಾಟಗಳಲ್ಲಿಯೂ ಇದ್ದಿತು. 1845ರಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬು ನಿಯಮಗಳನ್ನು ಬರೆದಿಟ್ಟಾಗ ಅದನ್ನು ನಿಷೇಧಿಸಿತು. ಬೆನ್ನು ಉಳಿದ ಮೇಲೆ ಚೆಂಡು ಗಟ್ಟಿಯಾಯಿತು, ಆಟ ಚುರುಕಾಯಿತು. ನಾವಾದರೋ ಇಂದಿಗೂ ಬೆನ್ನಿನ ಬರೆಯನ್ನು ಬಿಟ್ಟುಕೊಟ್ಟಿಲ್ಲ.

> ಚೆಂಡಿನ ಅಷ್ಟೋತ್ತರ
>
> ಬೇಸ್‌ಬಾಲ್ ಚೆಂಡಿನ ಮೇಲೆ ಕೆಂಪು ದಾರದ ಜೋಡಿ ಹೊಲಿಗೆಗಳು ಸರಿಯಾಗಿ 108.
>
> ತೂಕ 142ರಿಂದ 149 ಗ್ರಾಮು. ಕ್ರಿಕೆಟ್ ಚೆಂಡಿಗಿಂತ ಹಗುರ.
>
> ಅಮೆರಿಕದ ಮುಖ್ಯ ಲೀಗಿನ ಚೆಂಡುಗಳನ್ನು ಹೊಲಿಯುವವರು ಮಧ್ಯ ಅಮೆರಿಕದ ಕೋಸ್ಟರಿಕ ದೇಶದ ತುರ್ರಿಯಾಲ್ಬಾ ಎಂಬ ಊರಿನ ಕೆಲಸಗಾರರು, ಹೊಲಿಗೆಯೆಲ್ಲ ಕೈಯದು.
>
> ಹೊಸ ಚೆಂಡಿನ ನುಣುಪು ಹೋಗಲೆಂದು ಪಂದ್ಯಕ್ಕೆ ಮೊದಲು ಡೆಲವೇರ್ ನದಿ ಸೀಮೆಯ ಕೆಸರನ್ನು ಅದಕ್ಕೆ ಸವರುತ್ತಾರೆ.
>
> ಷಿಕಾಗೋದ ಕಬ್ಸ್ ತಂಡವು 1908ರ ಬಳಿಕ ಮತ್ತೆ ವಿಶ್ವ ಸರಣಿ, ಅಂದರೆ ಮುಖ್ಯ ಲೀಗಿನ ಅಂತಿಮ ಸರಣಿ, ಗೆದ್ದುದು 2016ರಲ್ಲಿ. ನಡುವಣ ವರ್ಷಗಳೂ 108!

ಮಾಘ: ಕಬ್ಬಿನ ಗದ್ದೆಯ ಮೊಮ್ಮಕ್ಕಳು

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಪ್ಪನು ಬಿಲ್ಲನ್ನೇರಿ, ಲಕ್ಷಾಂತರ ಜನರನ್ನು ಒಂದು ಕ್ಷಣ ಉಸಿರು ಬಿಗಿಹಿಡಿಯುವಂತೆ ಮಾಡಿ, ವರ್ಷದ ಭವಿಷ್ಯವನ್ನು ಒಂದೇ ಮಾತಿನ ಕಾರಣಿಕದಲ್ಲಿ ನುಡಿಯುವ ವಾರದಲ್ಲಿಯೇ, ಅಮೆರಿಕದ ಫ್ಲಾರಿಡಾ ಮತ್ತು ಅರಿಜೋನಾಗಳ ಎಳೆಬಿಸಿಲಿನಲ್ಲಿ ತಂಡಗಳ ಅಭ್ಯಾಸ ಶಿಬಿರಗಳು ಬಾಗಿಲು ತೆರೆಯುತ್ತವೆ. ಅಲ್ಲಿಯ ಕಾರಣಿಕದವರು ಪತ್ರಕರ್ತರು. ಅವರ ನುಡಿಯೂ ಬಗೆಬಗೆಯಾಗಿ ಅರ್ಥೈಸಲು ಬರುವಂತಹದು, ಆದರೆ ಒಂದೇ ಮಾತಿಗೆ ನಿಲ್ಲುವುದಿಲ್ಲ.

ಅದಕ್ಕೆ ಕೆಲವೇ ದಿನ ಮೊದಲು, 2025ರ ಫೆಬ್ರವರಿ 7ರಂದು, ಮೆಕ್ಸಿಕೋದ ಮೆಹಿಕಾಲಿಯಲ್ಲಿ ಕ್ಯಾರಿಬಿಯನ್ ಸರಣಿ ಮುಗಿದಿತ್ತು. 1949ರಲ್ಲಿ ಪ್ರಾರಂಭವಾದ ಈ ಸರಣಿಯು ಆ ಸಮುದ್ರದ ಸುತ್ತಣ ನಾಡುಗಳ ಚಳಿಗಾಲದ ಲೀಗುಗಳಿಗೆ ಮಂಗಳಾರತಿಯಿದ್ದಂತೆ. ಡೊಮಿನಿಕನ್ ಗಣರಾಜ್ಯದ ಎಸ್ಕೊಹಿದೊ ತಂಡವು ಆತಿಥೇಯರನ್ನು 1–0 ಅಂತರದಿಂದ ಸೋಲಿಸಿತು. ಇಡೀ ರಾತ್ರಿಯ ಹೋರಾಟದಲ್ಲಿ ಮನೆಗೆ ಮರಳಿದವನು ಒಬ್ಬನೇ!

ಡೊಮಿನಿಕನ್ನಿನ ದಕ್ಷಿಣ ತೀರದಲ್ಲಿ ಸಾನ್ ಪೆದ್ರೊ ದೆ ಮಕೊರೀಸ್ ಎಂಬ ಪಟ್ಟಣವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಅದರ ಸುತ್ತಣ ಸಕ್ಕರೆ ಕಾರ್ಖಾನೆಗಳಿಗೆ, ಬ್ರಿಟಿಷರ ಅಧೀನದಲ್ಲಿದ್ದ ಚಿಕ್ಕ ಚಿಕ್ಕ ದ್ವೀಪಗಳ ಕರಿಯ ಜನರು ಕಬ್ಬು ಕಡಿಯಲು ಗುಳೆ ಬಂದರು. ಊರಿನವರು ಅವರನ್ನು ‘ಕೊಕೊಲೊ’ಗಳೆಂದು ಕರೆದರು. ಅವರು ತಮ್ಮೊಡನೆ ಇಂಗ್ಲಿಷರ ಕ್ರಿಕೆಟ್ಟನ್ನೂ ಕಟ್ಟಿಕೊಂಡು ಬಂದಿದ್ದರು.

ಅವರ ಮಕ್ಕಳು ಮೊಮ್ಮಕ್ಕಳು ನೆಲದ ಆಟವನ್ನು ಕಲಿತರು. ಕ್ರಿಕೆಟ್ಟಿನ ಕೈ ಬೇಸ್‌ಬಾಲಿನ ದೊಣ್ಣೆಯನ್ನು ಹಿಡಿಯಿತು. ಸಕ್ಕರೆ ಕಾರ್ಖಾನೆಯ ಕೇರಿಯಿಂದ ಹೊರಟ ರಿಕೊ ಕಾರ್ಟಿ 1970ರಲ್ಲಿ ಅಟ್ಲಾಂಟಾ ತಂಡದ ಪರವಾಗಿ ನ್ಯಾಷನಲ್ ಲೀಗಿನ ಬ್ಯಾಟಿಂಗ್ ಕಿರೀಟ ಧರಿಸಿದನು; ಸ್ಯಾಮಿ ಸೋಸಾ ಇದೇ ಸೀಮೆಯವನು. 2025ರ ಋತುವಿನ ಪ್ರಾರಂಭದ ದಿನ ಅಮೆರಿಕದ ಮುಖ್ಯ ಲೀಗಿನ ಪಟ್ಟಿಗಳಲ್ಲಿ ಈ ಸಣ್ಣ ದೇಶದವರೇ ಸುಮಾರು 100 ಮಂದಿ.

ಆ ಬೀದಿಗಳಲ್ಲಿ ಹುಡುಗರಾಡುವ ‘ವಿತಿಲ್ಯಾ’ ಎಂಬ ಆಟವನ್ನು ನಮ್ಮವರು ಒಮ್ಮೆ ನೋಡಬೇಕು. ಚೆಂಡಿಲ್ಲ, ನೀರಿನ ದೊಡ್ಡ ಕ್ಯಾನಿನ ಪ್ಲಾಸ್ಟಿಕ್ ಮುಚ್ಚಳವೇ ಚೆಂಡು. ದೊಣ್ಣೆಯಿಲ್ಲ; ಕಸಬರಿಗೆಯ ಕೋಲೇ ದೊಣ್ಣೆ. ಬಿಲ್ಲೆಯಂತೆ ತಿರುಗುತ್ತ, ಕಡೆಯ ಗಳಿಗೆಯಲ್ಲಿ ಹಾವಿನಂತೆ ಹೊರಳುವ ಆ ಮುಚ್ಚಳವನ್ನು ಸಪುರ ಕೋಲಿನಿಂದ ತಾಗಿಸಬಲ್ಲವನಿಗೆ ದೊಡ್ಡ ಅಂಗಳದ ಚೆಂಡು ಕುಂಬಳಕಾಯಿಯಷ್ಟು ಕಾಣಿಸುವುದು ಸಹಜವೇ. ನೆಲದಿಂದ ಚಿಮ್ಮಿದ ಚಿಣ್ಣಿಯನ್ನು ಗಾಳಿಯಲ್ಲಿಯೇ ಹೊಡೆಯುವ ನಮ್ಮ ಪೋರರ ವಿದ್ಯೆಯೂ ಇದೇ ಶಾಲೆಯದು. ಮೇಲಿನ ತರಗತಿ ಮಾತ್ರ ಇಲ್ಲಿ ತೆರೆಯಲಿಲ್ಲ.

ಯುಗಾದಿ: ತವರಿಗೆ ಬಂದ ಐವರು

ಫಾಲ್ಗುಣದ ಕೊನೆಯಲ್ಲಿ, ಬೇವು ಚಿಗುರುವ ಹೊತ್ತಿಗೆ, ಅಮೆರಿಕದ ಋತು ಅಮೆರಿಕದಲ್ಲಿ ಪ್ರಾರಂಭವಾಗಲಿಲ್ಲ. ಮಾರ್ಚ್ 18 ಮತ್ತು 19ರಂದು ಲಾಸ್ ಏಂಜಲೀಸಿನ ಡಾಡ್ಜರ್ಸ್ ಹಾಗೂ ಷಿಕಾಗೋದ ಕಬ್ಸ್ ತಂಡಗಳು ಮೊದಲೆರಡು ಪಂದ್ಯಗಳನ್ನು ಟೋಕಿಯೋದಲ್ಲಿ ಆಡಿದುವು. ಎರಡೂ ತಂಡಗಳಲ್ಲಿ ಕೂಡಿ ಐವರು ಜಪಾನೀಯರು: ಓಹ್ತಾನಿ, ಯಮಮೋತೊ, ಸಸಾಕಿ, ಇಮನಾಗ, ಸುಜುಕಿ. ದೊಡ್ಡ ಕೂಲಿಗೆ ದೂರದೇಶಕ್ಕೆ ಹೋದವರು ಒಂದು ವಾರದ ಮಟ್ಟಿಗೆ ತವರಿಗೆ ಬಂದಿದ್ದರು. ಮೊದಲ ದಿನ ಎರಡು ಕಡೆಯಿಂದಲೂ ಚೆಂಡೆಸೆಯಲು ನಿಂತವರು ಜಪಾನೀಯರೇ.

ಈ ಆಟವನ್ನು ಜಪಾನಿಗೆ ಒಯ್ದವನು ಹೋರೇಸ್ ವಿಲ್ಸನ್ ಎಂಬ ಅಮೆರಿಕದ ಅಧ್ಯಾಪಕ, ವರ್ಷ 1872. ಟೋಕಿಯೋದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಾತನು ಶಿಷ್ಯರಿಗೆ ಮೈ ಬಗ್ಗಲೆಂದು ಚೆಂಡು ದೊಣ್ಣೆ ಕೊಟ್ಟನು. ಜಪಾನೀಯರು ಇದಕ್ಕೆ ‘ಯಾಕ್ಯೂ’ ಎಂದು ಹೆಸರಿಟ್ಟರು. ಬಯಲಿನ ಚೆಂಡೆಂದು ಅದರ ಅರ್ಥ. ಹೆಸರಿಟ್ಟ ಮೇಲೆ ಕೂಸು ಅವರದೇ ಆಯಿತು.

ಏಪ್ರಿಲ್ 15ರಂದು ಅಮೆರಿಕದ ಪ್ರತಿಯೊಬ್ಬ ಆಟಗಾರನ ಬೆನ್ನ ಮೇಲೆಯೂ ಒಂದೇ ಸಂಖ್ಯೆ, 42. ಅದು ಜಾಕಿ ರಾಬಿನ್ಸನ್ನನದು. ಕರಿಯರಿಗೆ ಮುಖ್ಯ ಲೀಗಿನ ಬಾಗಿಲು ಆರು ದಶಕಗಳಿಂದ ಮುಚ್ಚಿಹೋಗಿದ್ದ ಕಾಲದಲ್ಲಿ, 1947ರ ಆ ದಿನ, ಆತನು ಬ್ರೂಕ್ಲಿನ್ನಿನ ಅಂಗಳಕ್ಕೆ ಕಾಲಿಟ್ಟನು. ಅಲ್ಲಿಯವರೆಗೆ ಕರಿಯ ಆಟಗಾರರು ಬಸ್ಸುಗಳಲ್ಲಿ ಊರೂರು ತಿರುಗಿ, ತಮ್ಮವೇ ಲೀಗುಗಳಲ್ಲಿ ಆಡಿ, ಎಷ್ಟೋ ಊರುಗಳಲ್ಲಿ ಮಲಗಲು ಕೊಠಡಿ ದೊರೆಯದೆ ಬಸ್ಸಿನಲ್ಲಿಯೇ ನಿದ್ರಿಸಿದವರು.

ಆ ಲೀಗುಗಳ ಅಂಕಿ-ಅಂಶಗಳನ್ನು ಮುಖ್ಯ ದಾಖಲೆಗೆ ಸೇರಿಸಿದುದು 2024ರ ಮೇ ತಿಂಗಳಲ್ಲಿ. ಆಗ ಸರ್ವಕಾಲದ ಬ್ಯಾಟಿಂಗ್ ಸರಾಸರಿಯ ಅಗ್ರಸ್ಥಾನವು ಟೈ ಕಾಬ್‌ನಿಂದ ಜಾಶ್ ಗಿಬ್ಸನ್ನನಿಗೆ ಬಂದಿತು. ಗಿಬ್ಸನ್ ತೀರಿಕೊಂಡುದು 1947ರ ಜನವರಿಯಲ್ಲಿ, ರಾಬಿನ್ಸನ್ನನು ಅಂಗಳಕ್ಕಿಳಿಯುವುದಕ್ಕೆ ಮೂರೇ ತಿಂಗಳು ಮೊದಲು. ಕೆಲವರು ಮನೆ ಮುಟ್ಟಿದುದು ಲೆಕ್ಕಕ್ಕೆ ಬರುವುದು ಅವರು ತೀರಿಕೊಂಡ ಬಳಿಕ.

ಕಾರಹುಣ್ಣಿಮೆ: ದಿನಗೂಲಿಯ ಆಟ

ಮುಂಗಾರಿನ ಮೋಡಗಳು ಉಚ್ಚಂಗಿಯ ಕೋಟೆಯ ತೆನೆಗಳನ್ನು ಸವರಿ ಹೋಗುವ ದಿನಗಳಲ್ಲಿ, ಎತ್ತುಗಳ ಕೋಡಿಗೆ ಬಣ್ಣ ಹಚ್ಚಿ ಕರಿ ಹರಿಯುವ ಹೊತ್ತಿಗೆ, ಅಮೆರಿಕದಲ್ಲಿ ಆಟವು ದಿನಗೂಲಿಯ ಸ್ವರೂಪವನ್ನು ಪಡೆದಿರುತ್ತದೆ. ತಂಡಗಳು 30, ಪ್ರತಿಯೊಂದಕ್ಕೂ 162 ಪಂದ್ಯಗಳು, ಒಟ್ಟು 2,430. ವಾರಕ್ಕೆ ಆರು ದಿನ, ಕೆಲವೊಮ್ಮೆ ಏಳೂ ದಿನ, ಮಾರ್ಚಿನಿಂದ ಸೆಪ್ಟೆಂಬರಿನ ಕೊನೆಯವರೆಗೆ.

ಹಬ್ಬದಂತೆ ಆಡಲು ಇಲ್ಲಿ ಆಸ್ಪದವಿಲ್ಲ. ಇಂದು ಸೋತವನು ನಾಳೆ ಮತ್ತೆ ಕುಂಟೆ ಹೂಡಲೇಬೇಕು. ಈ ನಿತ್ಯದ ಗೇಯ್ಮೆಯಲ್ಲಿಯೇ, ಸಿಯಾಟಲ್ ತಂಡದ ಕ್ಯಾಚರ್ ಕ್ಯಾಲ್ ರಾಲಿಯು, ಹೊಡೆಯುವವನ ಹಿಂದೆ ಚೆಂಡು ಹಿಡಿಯಲು ಪಂದ್ಯವೆಲ್ಲ ಕುಕ್ಕುರುಗಾಲಿನಲ್ಲಿ ಕುಳಿತೇಳುವ ಕಷ್ಟದ ಕೆಲಸ ತನ್ನದಾದರೂ, 2025ರಲ್ಲಿ 60 ಹೋಮ್ ರನ್ನುಗಳನ್ನು, ಅಂದರೆ ಬೇಲಿಯಾಚೆಗಿನ ಹೊಡೆತಗಳನ್ನು, ಬಾರಿಸಿದನು. ಕ್ಯಾಚರನೊಬ್ಬನು ಹಿಂದೆಂದೂ ಮಾಡದ ಸಾಧನೆಯದು.

> ಕೂಪರ್ಸ್‌ಟೌನಿನ ಸ್ಥಳಪುರಾಣ
>
> ಊರಿಗೊಂದು ಸ್ಥಳಪುರಾಣ ನಮ್ಮಲ್ಲಿ ಮಾತ್ರವೆಂದು ತಿಳಿಯಬೇಡಿ. 1839ರಲ್ಲಿ ನ್ಯೂಯಾರ್ಕ್ ಪ್ರಾಂತದ ಕೂಪರ್ಸ್‌ಟೌನಿನಲ್ಲಿ ಆಬ್ನರ್ ಡಬಲ್‌ಡೇ ಎಂಬಾತನು ಬೇಸ್‌ಬಾಲನ್ನು ಸೃಷ್ಟಿಸಿದನೆಂದು ಒಂದು ಸಮಿತಿ ನಿರ್ಣಯಿಸಿತು. ಆತನು ಆ ವರ್ಷ ಸೈನಿಕ ಶಾಲೆಯಲ್ಲಿ ಓದುತ್ತಿದ್ದನು. ಈ ಆಟವನ್ನು ತಾನು ಕಂಡುಹಿಡಿದೆನೆಂದು ಎಂದೂ ಹೇಳಿಕೊಂಡವನಲ್ಲ. ‘ಬೇಸ್‌ಬಾಲ್’ ಎಂಬ ಹೆಸರು 1744ರಷ್ಟು ಹಿಂದೆಯೇ ಇಂಗ್ಲೆಂಡಿನ ಮಕ್ಕಳ ಪುಸ್ತಕವೊಂದರಲ್ಲಿ ಅಚ್ಚಾಗಿತ್ತು.
>
> ಆದರೂ 1939ರಲ್ಲಿ ಆಟದ ಕೀರ್ತಿಮಂದಿರವು ತೆರೆದುದು ಕೂಪರ್ಸ್‌ಟೌನಿನಲ್ಲಿಯೇ. 2025ರ ಜುಲೈನಲ್ಲಿ ಇಚಿರೊ ಸುಜುಕಿ ಅದನ್ನು ಪ್ರವೇಶಿಸಿದ ಮೊದಲ ಜಪಾನೀ ಆಟಗಾರನಾದನು. ಪುರಾಣ ಸುಳ್ಳಾದರೂ ಜಾತ್ರೆ ನಿಜ!

ಶ್ರಾವಣ: ಸೋತವರ ಮಣ್ಣು

ನಾಗರಪಂಚಮಿಯ ಜೋಕಾಲಿಗಳು ಬೇವಿನ ಕೊಂಬೆಗಳಿಂದ ಇಳಿಯುವಷ್ಟರಲ್ಲಿ, ಜಪಾನಿನ ಕಣ್ಣೆಲ್ಲ ಒಂದೇ ಅಂಗಳದ ಮೇಲಿರುತ್ತದೆ. ಅದು ಕೋಶಿಯೆನ್, ಹ್ಯೋಗೊ ಪ್ರಾಂತದ ನಿಶಿನೊಮಿಯಾ ನಗರದ ಕ್ರೀಡಾಂಗಣ. ತೆರೆದುದು 1924ರ ಆಗಸ್ಟ್ 1ರಂದು. ಅಲ್ಲಿ ಆಡುವವರು ವೃತ್ತಿಯ ಆಟಗಾರರಲ್ಲ, ಪ್ರೌಢಶಾಲೆಯ ಹುಡುಗರು. 1915ರಲ್ಲಿ ಮೊದಲಾದ ಈ ಪಂದ್ಯಾವಳಿಗೆ ಪ್ರಾಂತಗಳಲ್ಲಿ ಗೆದ್ದ 49 ಶಾಲೆಗಳು ಬರುತ್ತವೆ. ಒಮ್ಮೆ ಸೋತರೆ ಮುಗಿಯಿತು.

ಸೈರನ್ನಿನ ಕೂಗಿನೊಡನೆ ಪಂದ್ಯ ಪ್ರಾರಂಭವಾಗುತ್ತದೆ. ಸೈರನ್ನಿನ ಕೂಗಿನೊಡನೆಯೇ ಮುಗಿಯುತ್ತದೆ. ಆಗಸ್ಟ್ 15ರ ಮಧ್ಯಾಹ್ನ, ಯುದ್ಧದಲ್ಲಿ ಮಡಿದವರ ಸ್ಮರಣೆಗೆಂದು, ಆಟ ನಿಂತು ಅಂಗಳವೆಲ್ಲ ಮೌನವಾಗುತ್ತದೆ.

ಅಲ್ಲಿಯ ಒಂದು ಆಚಾರವು ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಸೋತ ತಂಡದ ಹುಡುಗರು ವಂದನೆ ಸಲ್ಲಿಸಿ, ಮೊಣಕಾಲೂರಿ, ಅಂಗಳದ ಕರಿಯ ಮಣ್ಣನ್ನು ಎರಡು ಕೈಗಳಿಂದ ಬಾಚಿ, ಷೂ ಇಡುವ ಚೀಲಗಳಿಗೆ ತುಂಬಿಕೊಳ್ಳುತ್ತಾರೆ. ಕಣ್ಣೀರು ಬಿದ್ದ ಕಡೆ ಮಣ್ಣು ಮುದ್ದೆಯಾಗಿರುತ್ತದೆ. ಗೆಲವನ್ನು ಕೊಂಡೊಯ್ಯಲಾರದವರು ನೆಲವನ್ನು ಕೊಂಡೊಯ್ಯುತ್ತಾರೆ.

1958ರಲ್ಲಿ ಒಕಿನಾವಾ ದ್ವೀಪದಿಂದ ಮೊತ್ತಮೊದಲ ಬಾರಿಗೆ ಶುರಿ ಪ್ರೌಢಶಾಲೆಯ ತಂಡ ಬಂದಿತು. ಆ ದ್ವೀಪ ಆಗ ಅಮೆರಿಕದ ಆಡಳಿತದಲ್ಲಿತ್ತು. ಹುಡುಗರು ಮೊದಲ ಪಂದ್ಯದಲ್ಲಿಯೇ ಸೋತು, ವಾಡಿಕೆಯಂತೆ ಮಣ್ಣು ತುಂಬಿಕೊಂಡು ಹಡಗು ಹತ್ತಿದರು. ಆದರೆ ಬಂದರಿನಲ್ಲಿ, ಹೊರನಾಡಿನ ಮಣ್ಣು ಒಳಗೆ ಬರಕೂಡದೆಂಬ ಕಾಯಿದೆಯನ್ನು ತೋರಿಸಿ, ಆ ಮಣ್ಣನ್ನೆಲ್ಲ ಸಮುದ್ರಕ್ಕೆ ಚೆಲ್ಲಿಸಿದರು.

ಈ ಸುದ್ದಿಯನ್ನು ಓದಿ ನೊಂದ ಜಪಾನಿನ ವಿಮಾನಪರಿಚಾರಿಕೆಯೊಬ್ಬಳು ಒಂದು ಉಪಾಯ ಹೂಡಿದಳು. ಕಾಯಿದೆಯ ತಡೆ ಮಣ್ಣಿಗೆ ತಾನೆ, ಕಲ್ಲಿಗಿಲ್ಲವಲ್ಲ! ಕೋಶಿಯೆನ್ನಿನ ಬೆಣಚುಕಲ್ಲುಗಳನ್ನು ಆಯ್ದು ಆ ಶಾಲೆಗೆ ಕಳುಹಿಸಿಕೊಟ್ಟಳು. ಆ ಹರಳುಗಳನ್ನು ಹುದುಗಿಸಿದ ಸ್ಮಾರಕವೊಂದು ಶಾಲೆಯ ಅಂಗಳದಲ್ಲಿ ಇಂದಿಗೂ ಇದೆ.

ಒಕಿನಾವಾ ಜಪಾನಿಗೆ ಮರಳಿದುದು 1972ರಲ್ಲಿ. ಅದರ ಶಾಲೆಯೊಂದು ಬೇಸಗೆಯ ಕಿರೀಟವನ್ನು ಮೊದಲು ಗೆದ್ದುದು 2010ರಲ್ಲಿ. ಮತ್ತೆ 2025ರಲ್ಲಿ, ನಮ್ಮಲ್ಲಿ ಶ್ರಾವಣ ಮುಗಿದ ಅಮಾವಾಸ್ಯೆಯ ದಿನ, ಆಗಸ್ಟ್ 23ರಂದು, ಒಕಿನಾವಾ ಶೋಗಾಕು ಶಾಲೆಯು ಟೋಕಿಯೋದ ತಂಡವೊಂದನ್ನು 3–1 ಅಂತರದಿಂದ ಸೋಲಿಸಿ ಪ್ರಶಸ್ತಿ ಪಡೆಯಿತು. ಗೆದ್ದವರಿಗೆ ಮಣ್ಣು ಬಾಚುವ ಆತುರವಿರಲಿಲ್ಲ.

ಕಾರ್ತಿಕ: ಮುಗಿಯಲೊಲ್ಲದ ರಾತ್ರಿ

ಉಚ್ಚಂಗಿಯ ಕೋಟೆಯನ್ನು ಚೋಳರು ಹನ್ನೆರಡು ವರ್ಷ ಮುತ್ತಿ, ಅಸಾಧ್ಯವೆಂದು ಕೈಬಿಟ್ಟರೆಂದೂ, ಪಾಂಡ್ಯರ ಕೈಯಲ್ಲಿದ್ದ ಆ ದುರ್ಗವನ್ನು ಹೊಯ್ಸಳ ವೀರಬಲ್ಲಾಳನು ಲೀಲಾಜಾಲವಾಗಿ ಹಿಡಿದನೆಂದೂ ಶಾಸನಗಳು ಕೊಂಡಾಡುತ್ತವೆ. ‘ಗಿರಿದುರ್ಗಮಲ್ಲ’, ‘ಶನಿವಾರಸಿದ್ಧಿ’ ಎಂಬವು ಅವನ ಬಿರುದುಗಳು. ಗಡಿಯಾರದ ಹಂಗಿಲ್ಲದ ಮುತ್ತಿಗೆಯೆಂದರೆ ಏನೆಂಬುದನ್ನು ಈ ಕಲ್ಲುಗಳು ಬಲ್ಲುವು.

ಬೇಸ್‌ಬಾಲೂ ಅಂತಹದೇ. ಎಸೆಯುವವನು ತಡಮಾಡಬಾರದೆಂದು 2023ರಲ್ಲಿ ಅಮೆರಿಕದ ಮುಖ್ಯ ಲೀಗಿನಲ್ಲಿ ಎಸೆತಕ್ಕೊಂದು ಗಡಿಯಾರ ಬಂದಿತಾದರೂ ಪಂದ್ಯಕ್ಕೆ ಇಂದಿಗೂ ಗಡಿಯಾರವಿಲ್ಲ. ಒಂಬತ್ತು ಇನಿಂಗ್ಸುಗಳಲ್ಲಿ ಸಮನಾದರೆ, ಅಲ್ಲಿ ತೀರ್ಮಾನವಾಗುವವರೆಗೆ ಆಡಬೇಕು.

ದೀಪಾವಳಿ ಕಳೆದು ವಾರ ತುಂಬುವ ಮುನ್ನ, ಅಕ್ಟೋಬರ್ 27ರ ರಾತ್ರಿ, ವಿಶ್ವ ಸರಣಿಯ ಮೂರನೆಯ ಪಂದ್ಯದಲ್ಲಿ ಡಾಡ್ಜರ್ಸ್ ಮತ್ತು ಕೆನಡಾದ ಟೊರಾಂಟೊ ಬ್ಲೂ ಜೇಸ್ ತಂಡಗಳು 18 ಇನಿಂಗ್ಸು, ಅಂದರೆ ಎರಡು ಪಂದ್ಯಗಳಷ್ಟು, ಆರೂವರೆ ಗಂಟೆಗೂ ಮೀರಿ ಕಾದಾಡಿದುವು. ಕಡೆಗೆ ಫ್ರೆಡ್ಡಿ ಫ್ರೀಮನ್ ಎಂಬಾತನು ಚೆಂಡನ್ನು ಬೇಲಿಯಾಚೆ ಕಳುಹಿಸಿ, ನಾಲ್ಕೂ ನೆಲೆಗಳನ್ನು ಸಾವಕಾಶವಾಗಿ ಸುತ್ತಿ, ಮಧ್ಯರಾತ್ರಿ ಸಮೀಪಿಸಿದಾಗ ಮನೆ ಮುಟ್ಟಿದನು.

ಸರಣಿ ಏಳನೆಯ ಪಂದ್ಯಕ್ಕೆ ಎಳೆಯಿತು. ನವೆಂಬರ್ 1ರಂದು ಟೊರಾಂಟೊ ನಗರದಲ್ಲಿ ಅದೂ 11 ಇನಿಂಗ್ಸು ಬೆಳೆದು, ವಿಲ್ ಸ್ಮಿತ್ತನ ಹೊಡೆತದಿಂದ ಡಾಡ್ಜರ್ಸ್ 5–4ರಿಂದ ಗೆದ್ದರು. ಹಿಂದಿನ ದಿನವೇ ದೀರ್ಘಕಾಲ ಚೆಂಡೆಸೆದು ದಣಿದಿದ್ದ ಯಮಮೋತೊ, ವಿಶ್ರಾಂತಿಯನ್ನು ತೊರೆದು ಮತ್ತೆ ಬಂದು, ಕೊನೆಯ ಔಟಿನವರೆಗೆ ನಿಂತನು. 1993ರಿಂದ ಕಾಯುತ್ತಿದ್ದ ಕೆನಡಾದವರ ತೋಳಿನಳತೆಗೆ ಬಂದ ಕಿರೀಟ ತಪ್ಪಿತು. ಅದು ಶನಿವಾರ. ಗಿರಿದುರ್ಗಮಲ್ಲನ ಸಿದ್ಧಿ ಯಾರ ಪಾಲಿಗಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಅದೇ ವಾರ ಜಪಾನಿನಲ್ಲಿ ಸಾಫ್ಟ್‌ಬ್ಯಾಂಕ್ ಹಾಕ್ಸ್, ಕೊರಿಯಾದಲ್ಲಿ ಎಲ್‌ಜಿ ಟ್ವಿನ್ಸ್ ತಂಡಗಳು ತಮ್ಮ ತಮ್ಮ ನಾಡಿನ ಪ್ರಶಸ್ತಿ ಪಡೆದುವು. ಉತ್ತರದ ನಾಡುಗಳಲ್ಲಿ ಅಂಗಳಕ್ಕೆ ಬೀಗ ಬಿದ್ದಿತು.

ಮಾರ್ಗಶಿರ: ದೊಣ್ಣೆ ಗಂಟು ಕಟ್ಟಿದವರು

ಹಿಮ ಬೀಳುವ ಕಡೆ ಆಟ ನಿಂತಾಗ, ಆಟಗಾರರಲ್ಲಿ ಹಲವರು ಬಿಸಿಲಿದ್ದ ಕಡೆಗೆ ಹೊರಡುತ್ತಾರೆ. ಕುರಿಮಂದೆಗಳು ಮೇವಿದ್ದ ಕಡೆಗೆ ನಡೆಯುವಂತೆ. ಡೊಮಿನಿಕನ್, ವೆನೆಜುವೆಲಾ, ಪೋರ್ಟೊರಿಕೋ, ಮೆಕ್ಸಿಕೋಗಳ ಚಳಿಗಾಲದ ಲೀಗುಗಳು ಅಕ್ಟೋಬರ್-ನವೆಂಬರಿನಲ್ಲಿ ಪ್ರಾರಂಭವಾಗಿ ಜನವರಿಯವರೆಗೆ ನಡೆಯುತ್ತವೆ. ಬೇಸಗೆಯೆಲ್ಲ ಪರದೇಶದ ತಂಡದ ಹೆಸರನ್ನು ಎದೆಯ ಮೇಲೆ ಹೊತ್ತವನು, ಈಗ ತನ್ನೂರಿನ ಹೆಸರನ್ನು ಹೊತ್ತು, ಅವ್ವ ಅಕ್ಕತಂಗಿಯರು ನೋಡುವಂತೆ ಆಡುತ್ತಾನೆ. ಅಡಿಲೇಡು, ಪರ್ತ್, ಬ್ರಿಸ್ಬೇನುಗಳಲ್ಲಿ ಆಗ ಬೇಸಗೆಯಾದುದರಿಂದ ಆಸ್ಟ್ರೇಲಿಯಾದ ಲೀಗೂ ಇದೇ ತಿಂಗಳುಗಳಲ್ಲಿ ನಡೆಯುವುದುಂಟು.

2025ರ ನವೆಂಬರಿನಲ್ಲಿ ಈ ವಲಸೆಯು ನಮ್ಮ ಬಾಗಿಲವರೆಗೂ ಬಂದಿತು. ದುಬೈನಲ್ಲಿ ಮೊದಲಾದ ‘ಬೇಸ್‌ಬಾಲ್ ಯುನೈಟೆಡ್’ ಲೀಗಿನ ನಾಲ್ಕು ತಂಡಗಳಲ್ಲಿ ಒಂದರ ಹೆಸರು ಮುಂಬೈ ಕೋಬ್ರಾಸ್, ಇನ್ನೊಂದರದು ಕರಾಚಿ ಮೊನಾರ್ಕ್ಸ್. ಮುಂಬೈಯ ಹೆಸರಿನ ತಂಡ ಮುಂಬೈಯಲ್ಲಿ ಆಡದೆ ಕೊಲ್ಲಿಯಲ್ಲಿ ಆಡುವುದನ್ನು ಕಂಡು ಯಾರಾದರೂ ನಕ್ಕರೆ, ಕೊಲ್ಲಿಯ ಕಟ್ಟಡಗಳನ್ನು ಕಟ್ಟಿದವರು ಯಾವ ಊರಿನವರೆಂದು ಅವರನ್ನು ಕೇಳಬಹುದು.

> ಭರ್ಜಿಯಿಂದ ಚೆಂಡಿಗೆ
>
> 2008ರಲ್ಲಿ ಭಾರತದಲ್ಲಿ ನಡೆದ ಚೆಂಡೆಸೆತದ ಸ್ಪರ್ಧೆಯೊಂದರಿಂದ ಹೊರಬಂದವರು ಉತ್ತರಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಭರ್ಜಿ ಎಸೆತದಲ್ಲಿ ಪಳಗಿದ್ದ ಈ ಇಬ್ಬರು ಹಳ್ಳಿಗರು ಅಲ್ಲಿಯವರೆಗೆ ಬೇಸ್‌ಬಾಲ್ ಮುಟ್ಟಿದವರಲ್ಲ. ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆ ಅವರನ್ನು ಸೇರಿಸಿಕೊಂಡಿತು. ಇಬ್ಬರೂ ಮುಖ್ಯ ಲೀಗಿನ ಹೊಸ್ತಿಲನ್ನು ದಾಟಲಿಲ್ಲ. ಅವರ ಕಥೆ 2014ರಲ್ಲಿ ಚಲನಚಿತ್ರವಾಯಿತು.
>
> 2024ರ ಸೆಪ್ಟೆಂಬರಿನಲ್ಲಿ ಟೆಕ್ಸಾಸ್ ರೇಂಜರ್ಸ್ ಪರವಾಗಿ ಮುಖ್ಯ ಲೀಗಿಗೆ ಇಳಿದ ಪಿಚರ್ ಕುಮಾರ್ ರಾಕರ್‌ನ ತಾಯಿ ಭಾರತೀಯ ಮೂಲದವಳು. ಬೆನ್ನಿನ ಮೇಲೆ ‘ರಾಕರ್’ ಎಂದಿದ್ದರೂ ಕರೆಯುವ ಹೆಸರು ನಮ್ಮ ಕಡೆಯದೇ.

ಮತ್ತೆ ಮಾಘ

ಹೊರಟಲ್ಲಿಗೆ ಬರುವುದು ಎಷ್ಟು ಸುತ್ತಿನ ಕೆಲಸವೆಂಬುದನ್ನು ಹರಪನಹಳ್ಳಿ ತಾಲ್ಲೂಕು ಮೈಯಾರೆ ಬಲ್ಲುದು. ಬಳ್ಳಾರಿ ಜಿಲ್ಲೆಯಲ್ಲಿದ್ದುದು 1997ರಲ್ಲಿ ದಾವಣಗೆರೆಗೆ ಹೋಯಿತು. 2018ರಲ್ಲಿ ಬಳ್ಳಾರಿಗೆ ಬಂದಿತು. 2021ರಲ್ಲಿ ವಿಜಯನಗರವೆಂಬ ಹೊಸ ಜಿಲ್ಲೆಗೆ ಸೇರಿತು. ಉಚ್ಚಂಗಿಯ ಬೆಟ್ಟ ಕುಳಿತಲ್ಲಿಂದ ಅಲುಗದೆಯೇ ಮೂರು ನೆಲೆ ಮುಟ್ಟಿಬಿಟ್ಟಿತು!

ಇಂದು 2026ರ ಫೆಬ್ರವರಿ 1, ಭಾನುವಾರ. ಮತ್ತೆ ಭರತ ಹುಣ್ಣಿಮೆ. ಬಂಡಿಗಳು ಬಂದಿರುತ್ತವೆ, ಒಲೆಗಳು ಹೊತ್ತಿರುತ್ತವೆ. ಕಳೆದ ವರ್ಷ ಆ ಅಜ್ಜನ ಬಂಡಿಯ ಬಳಿ ಸಂಜೆ ಕಂಡುದನ್ನು ಇಲ್ಲಿ ಹೇಳಿಬಿಡುತ್ತೇನೆ.

ಹೊತ್ತು ಇಳಿಯುತ್ತಿತ್ತು. ಮೊಬೈಲು ಹಿಡಿದಿದ್ದ ಹುಡುಗನು ಆ ರಾತ್ರಿಯೇ ಬೆಂಗಳೂರಿನ ಬಸ್ಸು ಹಿಡಿಯಬೇಕಾಗಿತ್ತು. ಬೆಟ್ಟದಿಂದ ಇಳಿದು ಬಂದ ಅವನ ತಾಯಿ, ಸೆರಗಿನ ಗಂಟು ಬಿಚ್ಚಿ, ಉಚ್ಚಂಗೆಮ್ಮನ ಭಂಡಾರವನ್ನು ಹಾಳೆಯ ತುಂಡೊಂದರಲ್ಲಿ ಹಾಕಿ, ಪೊಟ್ಟಣದ ಅಂಚುಗಳನ್ನು ಮೂರು ಬಾರಿ ಮಡಿಸಿ, ಅವನ ಅಂಗಿಯ ಜೇಬಿನೊಳಗಿಟ್ಟಳು. “ತಟ್ಟಿ ಚೆಲ್ಲಿಗಿಲ್ಲಿ ಬಿಟ್ಟೀಯ” ಎಂದಳು.

ಕೋಶಿಯೆನ್ನಿನ ಹುಡುಗರು ಅಂಗಳದ ಮಣ್ಣನ್ನು ಮನೆಗೆ ಒಯ್ಯುತ್ತಾರೆ. ನಮ್ಮವರು ಮನೆಯ ಮಣ್ಣಿನಂತಹ ಈ ಅರಿಸಿನವನ್ನು ಅಂಗಳಕ್ಕೆ ಒಯ್ಯುತ್ತಾರೆ.

ಹುಡುಗನು ಜೇಬಿನ ಮೇಲೆ ಅಂಗೈಯಿಟ್ಟುಕೊಂಡೇ ಬಸ್ಸು ಹತ್ತಿದನು. ಅಜ್ಜನು ನೊಗಕ್ಕೊರಗಿದ್ದಲ್ಲಿಂದಲೇ ಕೂಗಿದನು: “ಹೋಗಿ ಬಾರಪಾ, ಬರೋ ಹುಣ್ವಿಗೆ ಲೆಕ್ಕ ಹಿಡೀತೀನಿ!”